ಒಡ್ಡಿನ ಖರ್ಚು ಗಿಟ್ಟುತ್ತದೆಯೇ? ಎರೆ ಹೊಲದ ಮಣ್ಣು–ನೀರಿನ ಲೆಕ್ಕ ಹಾಕುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಹೊಲಗಳಲ್ಲಿ ಒಡ್ಡು, ಅಂದರೆ ಮಣ್ಣು–ನೀರು ತಡೆಯುವ ಮಣ್ಣಿನ ಬದು, ಹಾಕುವುದು ಸಾಮಾನ್ಯವಾಗಿ ಎರಡು ಕಾರಣಗಳಿಗೆ: ಯಾವುದೋ ಯೋಜನೆ ಬಂದಿರುತ್ತದೆ, ಇಲ್ಲವೇ ಬಾಜೂ ಹೊಲದವರು ಹಾಕಿಸಿರುತ್ತಾರೆ. ಬೀಜ, ಗೊಬ್ಬರ, ಔಷಧಗಳ ಖರ್ಚನ್ನು ಬಾಯಲ್ಲೇ ಹೇಳಬಲ್ಲ ರೈತರೂ ಒಡ್ಡಿಗೆ ಹಾಕಿದ ಹಣ ಎಷ್ಟು ವರ್ಷಕ್ಕೆ ತಿರುಗಿ ಬಂತು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಆ ಲೆಕ್ಕವನ್ನು ಒಂದು ನೋಟುಬುಕ್ಕು ಮತ್ತು ಮೊಬೈಲಿನ ಕ್ಯಾಲ್ಕ್ಯುಲೇಟರ್‌ನಲ್ಲಿ ಹಾಕಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಉದಾಹರಣೆಯಲ್ಲಿ ಬರುವ ದರ ಮತ್ತು ಇಳುವರಿಗಳು ಕ್ರಮವನ್ನು ತೋರಿಸಲು ಇಟ್ಟುಕೊಂಡವು. ಅವುಗಳ ಜಾಗದಲ್ಲಿ ನಿಮ್ಮ ಊರಿನ ಜೆಸಿಬಿ ದರ, ನಿಮ್ಮ ಹೊಲದ ಇಳುವರಿ, ನಿಮ್ಮ ಅಡತಿ ಚೀಟಿಯ ಧಾರಣೆ ಹಾಕಿಕೊಳ್ಳಬೇಕು.

ಮೊದಲು ಹೊಲದ ಆಳ, ಇಳಿಜಾರು

ಭೀಮೆಯ ದಂಡೆಗೆ ಹತ್ತಿರದ ಜೇವರ್ಗಿ, ಅಫಜಲಪುರದ ಕಡೆ ಎರೆ (ಕಪ್ಪು) ಮಣ್ಣು ಆಳವಾಗಿದೆ. ಆಳಂದ, ಚಿಂಚೋಳಿಯ ಏರು ಪ್ರದೇಶಗಳಲ್ಲಿ ಒಂದು ಅಡಿ ತೋಡುವಷ್ಟರಲ್ಲೇ ಗರಸು (ಹರಳು ಮಿಶ್ರಿತ ಗಟ್ಟಿ ನೆಲ) ಸಿಗುವ ಹೊಲಗಳು ಬೇಕಾದಷ್ಟಿವೆ. ಬೀದರಿನ ಎತ್ತರದ ನೆಲದಲ್ಲಿ ನೀರು ಬೇಗ ಇಂಗುವ ಕೆಂಪು ಜಂಬಿಟ್ಟಿಗೆ ಮಣ್ಣು. ಒಂದೇ ಕೆಲಸಕ್ಕೆ ಈ ಮೂರೂ ಕಡೆ ಒಂದೇ ಲಾಭ ಬರುವುದಿಲ್ಲ. ಹೊಲದ ಮೇಲ್ತುದಿ, ನಡು ಮತ್ತು ಕೆಳತುದಿಯಲ್ಲಿ ಒಂದೊಂದು ಗುಂಡಿ ತೋಡಿ, ಗರಸು ಅಥವಾ ಕಲ್ಲು ಸಿಗುವ ತನಕದ ಆಳವನ್ನು ಅಳೆದು ಬರೆದುಕೊಳ್ಳಿ. ಸುಜಲಾ ಮೂರನೆಯ ಹಂತದ ಯೋಜನೆ ಈ ಮೂರೂ ಜಿಲ್ಲೆಗಳಲ್ಲಿ ನಡೆದಿದ್ದು, ಅದು ಆಯ್ದ ಜಲಾನಯನಗಳಲ್ಲಿ ಸರ್ವೆ ನಂಬರುವಾರು ಮಣ್ಣಿನ ಆಳ, ಇಳಿಜಾರು, ಸವಕಳಿಯ ಮಟ್ಟವನ್ನು ದಾಖಲಿಸಿದೆ. ನಿಮ್ಮ ಊರು ಅದರಲ್ಲಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಈ ದಾಖಲೆಯ ಎಲ್‌ಆರ್‌ಐ (ಭೂ ಸಂಪನ್ಮೂಲ ಸಮೀಕ್ಷೆ) ಕಾರ್ಡ್ ಕೇಳಿ ಪಡೆಯಬಹುದು.

ಇಳಿಜಾರು ಅಳೆಯಲು ಗೌಂಡಿಯವರ ಲೆವೆಲ್ ಪೈಪು ಸಾಕು. ಇಳಿಜಾರಿನ ದಿಕ್ಕಿನಲ್ಲಿ 10 ಮೀಟರ್ ಅಂತರಕ್ಕೆ ಎರಡು ಕೋಲು ನೆಟ್ಟು, ಪೈಪಿನ ನೀರಿನ ಮಟ್ಟದಿಂದ ಎರಡೂ ಕಡೆ ನೆಲದವರೆಗೆ ಅಳೆದರೆ ಬರುವ ವ್ಯತ್ಯಾಸ 15 ಸೆಂ.ಮೀ. ಎಂದಾದರೆ ಇಳಿಜಾರು ಶೇ 1.5. ಮೂರು ನಾಲ್ಕು ಕಡೆ ಅಳೆದು ಸರಾಸರಿ ತೆಗೆಯಿರಿ.

ಹರಿದುಹೋಗುವುದರ ಬೆಲೆ

ಒಂದು ಎಕರೆಯ ಮೇಲೆ 1 ಮಿ.ಮೀ. ಮಳೆ ಎಂದರೆ ಸುಮಾರು 4,047 ಲೀಟರ್ ನೀರು. ವರ್ಷಕ್ಕೆ 750 ಮಿ.ಮೀ. ಮಳೆ ಬಿದ್ದು ಅದರ ಹತ್ತನೇ ಒಂದು ಪಾಲು ಹೊಲ ಬಿಟ್ಟು ಹರಿಯಿತು ಎಂದಿಟ್ಟುಕೊಂಡರೆ, ಎಕರೆಗೆ ಮೂರು ಲಕ್ಷ ಲೀಟರ್ ಹಳ್ಳಕ್ಕೆ ಹೋದಂತಾಯಿತು. ಅದರ ಜೊತೆಗೆ ಹೋಗುವ ಮಣ್ಣು ಎಷ್ಟೆಂದು ತಿಳಿಯಲು, ಜೋರು ಮಳೆ ಬೀಳುತ್ತಿರುವಾಗಲೇ ಹೊಲದ ಕೆಳತುದಿಯಲ್ಲಿ 10 ಲೀಟರಿನ ಬಕೆಟ್ ತುಂಬಿಸಿಕೊಂಡು, ಚಿಟಿಕೆ ಪಟಿಕ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೇಲಿನ ತಿಳಿನೀರು ಬಸಿದು, ತಳದ ಕೆಸರನ್ನು ಬಿಸಿಲಿಗೆ ಒಣಗಿಸಿ ಕಿರಾಣಿ ತಕ್ಕಡಿಯಲ್ಲಿ ತೂಗಿ. 100 ಗ್ರಾಂ ಬಂದರೆ ಲೀಟರಿಗೆ 10 ಗ್ರಾಂ. ಮೂರು ಲಕ್ಷ ಲೀಟರಿಗೆ 3 ಟನ್. ದೇಶದ ಸರಾಸರಿ ಸವಕಳಿ ಹೆಕ್ಟೇರಿಗೆ ವರ್ಷಕ್ಕೆ 16.35 ಟನ್, ಅಂದರೆ ಎಕರೆಗೆ ಸುಮಾರು 6.6 ಟನ್ ಎಂದು 1983ರಲ್ಲಿ ಪ್ರಕಟವಾದ ಅಂದಾಜು ಈಗಲೂ ಬಳಕೆಯಲ್ಲಿದೆ. ನಿಮ್ಮ ಬಕೆಟ್ಟಿನ ಉತ್ತರವನ್ನು ಅದರ ಪಕ್ಕಕ್ಕಿಟ್ಟು ನೋಡಬಹುದು.

ಈ ಮಣ್ಣಿಗೆ ಬೆಲೆ ಕಟ್ಟುವ ಪ್ರಚಲಿತ ವಿಧಾನವೆಂದರೆ ಅದರಲ್ಲಿರುವ ಪೋಷಕಾಂಶವನ್ನು ಗೊಬ್ಬರದ ಬೆಲೆಗೆ ಹೋಲಿಸುವುದು. ಇದು ದಾರಿ ತಪ್ಪಿಸುತ್ತದೆ. 3 ಟನ್ ಮಣ್ಣಿನಲ್ಲಿ ಶೇ 0.05ರಷ್ಟು ಸಾರಜನಕವಿದ್ದರೆ ಅದು ಒಂದೂವರೆ ಕಿಲೊ. ಯೂರಿಯಾ ಲೆಕ್ಕದಲ್ಲಿ 3.3 ಕಿಲೊ. 45 ಕಿಲೊ ಚೀಲಕ್ಕೆ 266.50 ರೂಪಾಯಿಯಂತೆ ಅದರ ಬೆಲೆ ಸುಮಾರು 20 ರೂಪಾಯಿ. ಒಂದು ಟ್ರಾಲಿ ಮಣ್ಣು ಹೋದರೆ 20 ರೂಪಾಯಿಯ ನಷ್ಟ ಎಂದು ಯಾವ ಒಕ್ಕಲಿಗನೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಯೂರಿಯಾದ ಹೆಚ್ಚಿನ ಬೆಲೆಯನ್ನು ಸರಕಾರ ಸಬ್ಸಿಡಿಯಾಗಿ ಭರಿಸುವುದರಿಂದ ಮಣ್ಣು ಸೋವಿಯಾಗಿ ಕಾಣುತ್ತದೆ, ಅಷ್ಟೇ.

ಮಣ್ಣಿನ ನಿಜವಾದ ಬೆಲೆ ಇರುವುದು ಅದು ನೀರು ಹಿಡಿದಿಡುವ ಶಕ್ತಿಯಲ್ಲಿ. 10 ಸೆಂ.ಮೀ. ದಪ್ಪದ ಎರೆ ಮಣ್ಣು ಬೆಳೆಗೆ ದಕ್ಕುವ 15ರಿಂದ 20 ಮಿ.ಮೀ. ನೀರನ್ನು ಹಿಡಿದಿಡುತ್ತದೆ, ಅಂದರೆ ಎಕರೆಗೆ 60ರಿಂದ 80 ಸಾವಿರ ಲೀಟರ್. ಆಳವಿರುವ ಹೊಲದಲ್ಲಿ ವರ್ಷಕ್ಕೆ 3 ಟನ್ ಎಂದರೆ ಅರ್ಧ ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಪದರ. ಆ ಲೆಕ್ಕದಲ್ಲಿ 10 ಸೆಂ.ಮೀ. ಹೋಗಲು ನೂರೈವತ್ತು ವರ್ಷಕ್ಕೂ ಮೇಲೆ ಹಿಡಿಯುತ್ತದೆ. ಅದರ ನಾಲ್ಕು ಪಟ್ಟು ವೇಗದಲ್ಲಿ ಕೊಚ್ಚುವ ಏರು ಹೊಲದಲ್ಲಿ ಅದೇ 10 ಸೆಂ.ಮೀ. ಸುಮಾರು ನಲವತ್ತು ವರ್ಷದಲ್ಲಿ ಮುಗಿಯುತ್ತದೆ, ಮತ್ತು ಅಲ್ಲಿ ಇರುವುದೇ 30 ಸೆಂ.ಮೀ. ಆದ್ದರಿಂದ ನನ್ನ ಸಲಹೆ ಇಷ್ಟು: ಆಳವಾದ ಎರೆಯಲ್ಲಿ ಒಡ್ಡಿನ ಲಾಭವನ್ನು ಉಳಿಯುವ ನೀರಿನ ಮೇಲೆಯೇ ಲೆಕ್ಕ ಹಾಕಿ, ಮಣ್ಣನ್ನು ಲಾಭದ ಕಲಮಿಗೆ ಸೇರಿಸಬೇಡಿ. ತೆಳು ಮಣ್ಣಿನ ಏರು ಹೊಲದಲ್ಲಿ ನೀರಿನ ಲೆಕ್ಕ ಸರಿಸಮಕ್ಕೆ ಬಂದು ನಿಂತರೂ ಕೆಲಸ ಮಾಡಿಸಿ, ಏಕೆಂದರೆ ಅಲ್ಲಿ ಮಕ್ಕಳ ಕೈಗೆ ಬರುವ ಹೊತ್ತಿಗೆ ಹೊಲದ ಪಹಣಿ ಇದ್ದು ಹೊಲ ಇಲ್ಲದಂತಾಗುತ್ತದೆ.

ಸೋವಿಯದು ಮೊದಲು

ಸಾಲ ಮಾಡದೆ ಆಗುವ ಕೆಲಸಗಳನ್ನು ಮೊದಲು ಮುಗಿಸಬೇಕು. ಇಳಿಜಾರಿಗೆ ಅಡ್ಡಲಾಗಿ ಹರಗುವುದು, ಅಡ್ಡಲಾಗಿ ಬಿತ್ತುವುದು, ತೊಗರಿಯ ಕೆಲವು ಸಾಲಿಗೊಂದರಂತೆ ಎಡೆ ಹೊಡೆಯುವಾಗಲೇ ಆಳದ ಸಾಲು ತೆಗೆಯುವುದು ಇವಕ್ಕೆ ಹೊಸ ಬಂಡವಾಳ ಬೇಡ. ಹಿಂಗಾರಿ ಜೋಳ, ಕಡಲೆಗೆ ಬಿಟ್ಟ ಹೊಲದಲ್ಲಿ ಮುಂಗಾರಿನಲ್ಲೇ ಚೌಕು ಮಡಿ ಹಾಕಿ ಮಳೆ ನೀರು ಇಂಗಿಸುವುದು ಉತ್ತರ ಕರ್ನಾಟಕದ ಒಣ ಬೇಸಾಯದಲ್ಲಿ ಬಹುಕಾಲದಿಂದ ಗಟ್ಟಿಯಾದ ಪದ್ಧತಿ. ಪ್ರತಿ ವರ್ಷ ಮಾಡಬೇಕಾದ್ದರಿಂದ ಅದನ್ನು ಆ ವರ್ಷದ ಸಾಗುವಳಿ ಖರ್ಚಿಗೇ ಸೇರಿಸಿ, ಆ ವರ್ಷದ ಇಳುವರಿಯಿಂದಲೇ ಅಳೆಯಬಹುದು. ಆದರೆ ಮುಂಗಾರಿನಲ್ಲೇ ತೊಗರಿ ಬಿತ್ತುವ ಹೊಲಕ್ಕೆ ಇದು ಹೊಂದುವುದಿಲ್ಲ.

ಅಡ್ಡ ಬಿತ್ತನೆಗೆ ಖರ್ಚೇ ಇಲ್ಲ ಎಂದು ಹೇಳಿಬಿಡುವುದು ಸುಲಭ. ಅಣ್ಣತಮ್ಮಂದಿರ ಪಾಲಾದಾಗ ಎಲ್ಲರಿಗೂ ದಾರಿ ಸಿಗಲೆಂದು ಹೊಲವನ್ನು ಇಳಿಜಾರಿನ ಉದ್ದಕ್ಕೆ ಪಟ್ಟಿಪಟ್ಟಿಯಾಗಿ ಸೀಳಿದ್ದರೆ, ಅಡ್ಡ ಹೋಗುವ ಟ್ರ್ಯಾಕ್ಟರ್ ಮತ್ತೆ ಮತ್ತೆ ತಿರುಗಬೇಕಾಗುತ್ತದೆ, ಬಾಡಿಗೆಯವನು ಗಂಟೆ ಹೆಚ್ಚು ಹಿಡಿಯುತ್ತಾನೆ. ಆ ಹೆಚ್ಚಿನ ಗಂಟೆಯ ಬಾಡಿಗೆಯೇ ಅಡ್ಡ ಬಿತ್ತನೆಯ ಖರ್ಚು, ಅದನ್ನೂ ಬರೆಯಿರಿ.

ಒಡ್ಡು ಮತ್ತು ಕೋಡಿ: ಲೆಕ್ಕದ ತಿರುಳು

ಎರಡು ಒಡ್ಡುಗಳ ನಡುವೆ ಎಷ್ಟು ಅಂತರ ಬೇಕೆಂಬುದಕ್ಕೆ ಬಳಕೆಯಲ್ಲಿರುವ ಸೂತ್ರ ಸರಳ: ಇಳಿಜಾರಿನ ಶೇಕಡಾ ಅಂಕಿಯನ್ನು 3ರಿಂದ ಭಾಗಿಸಿ, 2 ಕೂಡಿಸಿ, 0.3ರಿಂದ ಗುಣಿಸಿದರೆ ಎರಡು ಒಡ್ಡುಗಳ ನಡುವಿನ ಎತ್ತರದ ವ್ಯತ್ಯಾಸ ಮೀಟರಿನಲ್ಲಿ ಸಿಗುತ್ತದೆ. ಇಳಿಜಾರು ಶೇ 1.5 ಇದ್ದರೆ ಅದು 0.75 ಮೀಟರ್, ನೆಲದ ಮೇಲೆ 50 ಮೀಟರ್ ಅಂತರ. ನಾಲ್ಕು ಎಕರೆ ಹೊಲಕ್ಕೆ ಸುಮಾರು 324 ಮೀಟರ್ ಒಡ್ಡು ಬರುತ್ತದೆ. ಬುಡ 2 ಮೀಟರ್, ತಲೆ 0.4 ಮೀಟರ್, ಎತ್ತರ 0.7 ಮೀಟರ್ ಇಟ್ಟರೆ 272 ಘನ ಮೀಟರ್ ಮಣ್ಣಿನ ಕೆಲಸ.

ಎರೆ ಮಣ್ಣಿಗೆ ಒಂದು ಎಚ್ಚರಿಕೆ ಅಗತ್ಯ. ಈ ಮಣ್ಣು ನೆನೆದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ನೀರನ್ನು ಪೂರ್ತಿ ಕಟ್ಟಿಹಾಕುವ ಸಮಪಾತಳಿ ಒಡ್ಡು ಬೀದರಿನ ಕೆಂಪು ಮಣ್ಣಿಗೆ ಸರಿ. ಎರೆಯಲ್ಲಿ ಅದರ ಹಿಂದೆ ನೀರು ನಿಂತು ತೊಗರಿಯ ಬೇರು ಕೊಳೆಯುತ್ತದೆ, ಬೇಸಿಗೆಯ ಬಿರುಕಿನಲ್ಲಿ ನೀರು ನುಗ್ಗಿ ಒಡ್ಡೇ ಒಡೆಯುತ್ತದೆ. ಆದ್ದರಿಂದ ಇಲ್ಲಿ ಒಡ್ಡಿಗೆ ನೂರು ಮೀಟರಿಗೆ 20ರಿಂದ 40 ಸೆಂ.ಮೀ.ನಷ್ಟು ಅಲ್ಪ ಇಳಿಜಾರು ಕೊಟ್ಟು, ಹೆಚ್ಚಾದ ನೀರು ಕಲ್ಲಿನ ಕೋಡಿಯ ಮೂಲಕ ನಿಧಾನವಾಗಿ ಹೊರಹೋಗುವಂತೆ ಮಾಡಬೇಕು. ಖರ್ಚು ಉಳಿಸಲು ಹೊರಟವರು ಮೊದಲು ಕೈಬಿಡುವುದು ಈ ಕೋಡಿಯನ್ನೇ. ಅದರ ಪರಿಣಾಮವನ್ನು ಅಂಕಿಗಳಲ್ಲಿ ನೋಡೋಣ.

ಮಣ್ಣಿನ ಕೆಲಸ ಘನ ಮೀಟರಿಗೆ 50 ರೂಪಾಯಿಯಂತೆ 13,600 ರೂಪಾಯಿ, ಹುಲ್ಲು ಬಿತ್ತನೆ ಮತ್ತು ತಿದ್ದುಪಡಿಗೆ 1,400, ಎರಡು ಕಲ್ಲಿನ ಕೋಡಿಗೆ 12,000, ಒಟ್ಟು 27,000. ವರ್ಷದ ದುರಸ್ತಿ 2,000. ಒಡ್ಡಿನ ಬುಡಕ್ಕೆ ಹೋಗುವ ನೆಲ 648 ಚದರ ಮೀಟರ್, ಅಂದರೆ ಆರೂವರೆ ಗುಂಟೆಯ ಹತ್ತಿರ. ಈ ನೆಲದ ನಷ್ಟವನ್ನು ಬಹಳಷ್ಟು ಯೋಜನಾ ವರದಿಗಳು ಬರೆಯುವುದೇ ಇಲ್ಲ, ಆದರೆ ರೈತನ ಕಣ್ಣಿಗೆ ಮೊದಲು ಬೀಳುವುದು ಅದೇ. ಎಕರೆಗೆ ಮೂರೂವರೆ ಕ್ವಿಂಟಲ್ ತೊಗರಿ, ಕ್ವಿಂಟಲಿಗೆ 7,000 ರೂಪಾಯಿ, ಎಕರೆಗೆ 14,000 ಸಾಗುವಳಿ ಖರ್ಚು ಎಂದು ಹಿಡಿದರೆ ಆ ಆರೂವರೆ ಗುಂಟೆಯ ನಿವ್ವಳ ಆದಾಯ 1,680 ರೂಪಾಯಿ. ಇದನ್ನು ಪ್ರತಿ ವರ್ಷದ ಖರ್ಚೆಂದೇ ಬರೆಯಬೇಕು. 2025–26ಕ್ಕೆ ತೊಗರಿಯ ಬೆಂಬಲ ಬೆಲೆ 8,000 ರೂಪಾಯಿ ಇದ್ದರೂ, ಮಾರುಕಟ್ಟೆ ಅದಕ್ಕಿಂತ ಕೆಳಗಿಳಿಯುವ ಸಂಭವವಿರುವುದರಿಂದ ಲೆಕ್ಕಕ್ಕೆ ಕಡಿಮೆ ಧಾರಣೆ ಹಿಡಿಯುವುದೇ ಕ್ಷೇಮ.

ಲಾಭದ ಕಡೆ ಬರೆಯಬೇಕಾದ್ದು ಒಡ್ಡಿನಿಂದ ಬಂದ ಹೆಚ್ಚಳವನ್ನು ಮಾತ್ರ. ಹಿಂದಿನ ವರ್ಷದ ಇಳುವರಿಯ ಜೊತೆ ಈ ವರ್ಷದ್ದನ್ನು ಹೋಲಿಸಿದರೆ ಮಳೆಯ ವ್ಯತ್ಯಾಸವೆಲ್ಲ ಒಡ್ಡಿನ ಖಾತೆಗೆ ಬಂದು ಬೀಳುತ್ತದೆ. ಅದೇ ವರ್ಷ, ಅದೇ ತಳಿ, ಅದೇ ಬಗೆಯ ಮಣ್ಣಿನ ಒಡ್ಡಿಲ್ಲದ ಹೊಲದೊಂದಿಗೆ ಹೋಲಿಸಬೇಕು. ಎಲ್ಲ ವರ್ಷಗಳೂ ಒಂದೇ ರೀತಿ ಇರುವುದಿಲ್ಲವೆಂಬುದನ್ನು ನಮ್ಮ ಭಾಗಕ್ಕೆ ಹೇಳಿಕೊಡಬೇಕಾಗಿಲ್ಲ: 2020ರ ಅಕ್ಟೋಬರಿನಲ್ಲಿ ಭೀಮೆಯ ಪ್ರವಾಹ, 2023ರಲ್ಲಿ ಬರ, 2025ರ ಸೆಪ್ಟೆಂಬರಿನಲ್ಲಿ ಮತ್ತೆ ಅತಿವೃಷ್ಟಿ. ಹಾಗಾಗಿ ಹತ್ತು ವರ್ಷವನ್ನು ಮೂರು ಬಗೆಯಾಗಿ ವಿಂಗಡಿಸಿ. ಮೂರು ವರ್ಷ ಮಳೆ ಕಡಿಮೆ, ಆಗ ಒಡ್ಡಿನಿಂದ ಎಕರೆಗೆ 70 ಕಿಲೊ ಹೆಚ್ಚು. ಐದು ವರ್ಷ ಸಾಧಾರಣ, 30 ಕಿಲೊ ಹೆಚ್ಚು. ಎರಡು ವರ್ಷ ಅತಿಮಳೆ, ಕೋಡಿ ಇದ್ದರೆ 20 ಕಿಲೊ ಹೆಚ್ಚು ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಸರಾಸರಿ 40 ಕಿಲೊ. ಉಳಿದ 3.84 ಎಕರೆಗೆ 1.536 ಕ್ವಿಂಟಲ್, ಹೆಚ್ಚಿನ ಫಸಲಿನ ಕಟಾವು, ರಾಶಿಯ ಖರ್ಚು ಕ್ವಿಂಟಲಿಗೆ 600 ಕಳೆದರೆ 9,830 ರೂಪಾಯಿ. ದುರಸ್ತಿ ಮತ್ತು ನೆಲದ ನಷ್ಟ ಕಳೆದು ಕೈಗೆ ಉಳಿಯುವುದು ವರ್ಷಕ್ಕೆ ಸುಮಾರು 6,150.

ಈಗ ಕೋಡಿ ಬಿಟ್ಟು ಇದೇ ಲೆಕ್ಕ ಹಾಕಿ. ಬಂಡವಾಳ 15,000ಕ್ಕೆ ಇಳಿಯುತ್ತದೆ. ಆದರೆ ಅತಿಮಳೆಯ ಎರಡು ವರ್ಷಗಳಲ್ಲಿ ನೀರು ನಿಂತು ಎಕರೆಗೆ ಒಂದು ಕ್ವಿಂಟಲ್ ಕಳೆದುಕೊಂಡರೆ, ಹತ್ತು ವರ್ಷದ ಸರಾಸರಿ ಹೆಚ್ಚಳ 40 ಕಿಲೊದಿಂದ 16 ಕಿಲೊಗೆ ಕುಸಿಯುತ್ತದೆ. ಎಲ್ಲ ಕಳೆದು ವರ್ಷಕ್ಕೆ ಉಳಿಯುವುದು ಹೆಚ್ಚುಕಡಿಮೆ 250 ರೂಪಾಯಿ. ಎರೆ ಹೊಲದಲ್ಲಿ ಕೋಡಿಗೆ ಹಾಕಿದ 12,000 ರೂಪಾಯಿಯಷ್ಟು ದುಡಿಯುವ ಹಣ ಒಡ್ಡಿನ ಬೇರಾವ ಭಾಗದಲ್ಲೂ ಇಲ್ಲ. ಕೈಯಲ್ಲಿ ಹಣ ಕಡಿಮೆಯಿದ್ದರೆ ನಾಲ್ಕು ಎಕರೆಗೆ ಕೋಡಿಯಿಲ್ಲದ ಒಡ್ಡು ಹಾಕುವ ಬದಲು ಎರಡು ಎಕರೆಗೆ ಕೋಡಿಯಿರುವ ಒಡ್ಡು ಹಾಕಿಸಿ.

ಕೋಡಿಯ ನೀರು ಎಲ್ಲಿಗೆ ಹೋಗುತ್ತದೆ ಎಂಬುದೂ ಖರ್ಚಿನ ಭಾಗವೇ. ಅದು ಕೆಳಗಿನ ಹೊಲದವರ ಬಿತ್ತನೆಯ ಮೇಲೆ ಬಿದ್ದರೆ ಮುಂದಿನ ಮಳೆಯೊಳಗೆ ಕೋಡಿ ಮುಚ್ಚಿರುತ್ತದೆ. ಹಳ್ಳದವರೆಗಿನ ಬಸಿಗಾಲುವೆಯ ಖರ್ಚನ್ನು ಮೇಲಿನವರು, ಕೆಳಗಿನವರು ಹಂಚಿಕೊಳ್ಳುವ ಮಾತು ಜೆಸಿಬಿ ಬರುವ ಮೊದಲೇ ಆಗಬೇಕು.

ಬಡ್ಡಿ ಎಲ್ಲವನ್ನೂ ಬದಲಿಸುತ್ತದೆ

ವರ್ಷಕ್ಕೆ 6,150ರಂತೆ ಹತ್ತು ವರ್ಷಕ್ಕೆ 61,500 ಎಂದು ಕೂಡಿಸುವುದು ತಪ್ಪು. ಹತ್ತನೆಯ ವರ್ಷದ ರೂಪಾಯಿ ಇಂದಿನ ರೂಪಾಯಿಗೆ ಸಮನಲ್ಲ. ಹತ್ತು ವರ್ಷ ಸಮನಾಗಿ ಬರುವ ಆದಾಯದ ಇಂದಿನ ಬೆಲೆ ತಿಳಿಯಲು ಅದನ್ನು ಒಂದು ಗುಣಕದಿಂದ ಗುಣಿಸಬೇಕು. ಬಡ್ಡಿ ಶೇ 3 ಇದ್ದರೆ ಗುಣಕ 8.53, ಶೇ 10 ಇದ್ದರೆ 6.14, ಶೇ 24 ಇದ್ದರೆ 3.68. ಸಾಹುಕಾರರ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಎಂದರೆ ಈ ಕೊನೆಯ ದರವೇ. ಅದೇ ಒಡ್ಡಿನ ಇಂದಿನ ಬೆಲೆ ಕ್ರಮವಾಗಿ ಸುಮಾರು 52,500, 37,800 ಮತ್ತು 22,600 ರೂಪಾಯಿ. ಖರ್ಚು 27,000. ಮೊದಲೆರಡರಲ್ಲಿ ಗಿಟ್ಟುತ್ತದೆ, ಮೂರನೆಯದರಲ್ಲಿ ನಷ್ಟ. ಹೊಲ ಅದೇ, ಮಳೆಯೂ ಅದೇ; ಸಾಲ ತಂದ ಬಾಗಿಲು ಮಾತ್ರ ಬೇರೆ. ಸಹಕಾರ ಸಂಘಗಳಲ್ಲಿ ಮಧ್ಯಮ ಮತ್ತು ದೀರ್ಘಾವಧಿ ಕೃಷಿ ಸಾಲ ಶೇ 3ರ ಬಡ್ಡಿಗೆ ಇರುವಾಗ, ಕೈಗಡ ಬಡ್ಡಿಯಲ್ಲಿ ಒಡ್ಡು ಹಾಕಿಸುವುದಕ್ಕಿಂತ ಒಂದು ವರ್ಷ ಕಾದು ಸೊಸೈಟಿಯ ಕಾಗದಪತ್ರ ಸರಿಮಾಡಿಕೊಳ್ಳುವುದು ಲೇಸು.

ಹೆಚ್ಚಳ 40 ಕಿಲೊ ಬರುತ್ತದೆಂದು ಯಾರೂ ಖಾತರಿ ಕೊಡಲಾರರು. ಆದ್ದರಿಂದ ಪ್ರಶ್ನೆಯನ್ನು ತಿರುಗಿಸಿ ಕೇಳಿಕೊಳ್ಳಿ: ಹಣ ಮುಳುಗದಿರಲು ಕನಿಷ್ಠ ಎಷ್ಟು ಹೆಚ್ಚು ಬರಬೇಕು? ಶೇ 10ರ ಬಡ್ಡಿಯಲ್ಲಿ 27,000ವನ್ನು 6.14ರಿಂದ ಭಾಗಿಸಿದರೆ ವರ್ಷಕ್ಕೆ 4,400. ದುರಸ್ತಿ, ನೆಲದ ನಷ್ಟ ಸೇರಿ 8,080. ಕ್ವಿಂಟಲಿಗೆ ನಿವ್ವಳ 6,400ರಂತೆ ಅದು ಎಕರೆಗೆ 33 ಕಿಲೊ ತೊಗರಿ. ನಿಮ್ಮ ಹೊಲಕ್ಕೆ ಸರಾಸರಿ 33 ಕಿಲೊ ಹೆಚ್ಚು ಬರಲು ಸಾಧ್ಯವೇ ಎಂಬುದನ್ನು ಆ ನೆಲವನ್ನು ಬಲ್ಲ ನಾಲ್ಕು ಜನ ಕೂತು ನಿರ್ಧರಿಸಬಹುದು. ಅದಕ್ಕೆ ವಿಜ್ಞಾನಿಯೇ ಬೇಕೆಂದಿಲ್ಲ.

ಕೃಷಿ ಹೊಂಡ

ಅಗಲ, ಉದ್ದ 21 ಮೀಟರ್, ಆಳ 3 ಮೀಟರ್ ಇದ್ದು ಬದಿಗಳು ಒಂದು ಮೀಟರ್ ಆಳಕ್ಕೆ ಒಂದು ಮೀಟರಿನಂತೆ ಇಳಿಜಾರಾಗಿರುವ ಹೊಂಡ ಸುಮಾರು 9.8 ಲಕ್ಷ ಲೀಟರ್ ಹಿಡಿಯುತ್ತದೆ. ಆವಿ, ಬಸಿಯುವಿಕೆ, ಹೂಳಿಗೆ ಅರ್ಧ ಬಿಟ್ಟರೂ ನಾಲ್ಕು ಎಕರೆ ತೊಗರಿಗೆ ಹೂ–ಕಾಯಿ ಹಂತದಲ್ಲಿ 25 ಮಿ.ಮೀ.ನಂತೆ ಒಂದು ನೀರು ಕೊಡಬಹುದು. ಅಗೆತ, ಬೇಲಿ, ಹೂಳುಗುಂಡಿ ಸೇರಿ 74,000 ರೂಪಾಯಿ ಖರ್ಚಾಗಿ, ಎರಡು ವರ್ಷಕ್ಕೊಮ್ಮೆ ಆ ನೀರಿನಿಂದ ಎಕರೆಗೆ ಒಂದು ಕ್ವಿಂಟಲ್ ಹೆಚ್ಚು ಬಂದು, ನೀರೆತ್ತಲು ಎಕರೆಗೆ 1,000 ಆಗಿ, ದುರಸ್ತಿ ಮತ್ತು ಹೋದ ನೆಲದ ಲೆಕ್ಕಕ್ಕೆ 4,750 ಕಳೆದರೆ ವರ್ಷಕ್ಕೆ 6,050 ಉಳಿಯುತ್ತದೆ. ಶೇ 10ರಲ್ಲಿ ಅದರ ಇಂದಿನ ಬೆಲೆ 37,000ದ ಆಸುಪಾಸು. ಅಂದರೆ ಅರ್ಧ ಖರ್ಚು ಸಹಾಯಧನವಾಗಿ ಬಂದರೆ ಮಾತ್ರ ತೊಗರಿಗೆಂದೇ ಹೊಂಡ ತೋಡುವುದು ಸರಿಸಮಕ್ಕೆ ಬರುತ್ತದೆ. ತರಕಾರಿಯಂಥ ಹೆಚ್ಚು ಬೆಲೆಯ ಬೆಳೆ ಇದ್ದರೆ ಮಾತು ಬೇರೆ. 2014–15ರಲ್ಲಿ ಆರಂಭವಾಗಿ ನಡುವೆ ನಿಂತು ಮತ್ತೆ ಬಂದ, ಹೊಂಡಕ್ಕೆ ಸಹಾಯಧನ ಕೊಡುವ ಕೃಷಿ ಭಾಗ್ಯ ಯೋಜನೆಯನ್ನು ಕಾದು ಹೊಂಡ ತೋಡುವವರು ಸೋಮಾರಿಗಳಲ್ಲ, ಲೆಕ್ಕ ಬಲ್ಲವರು.

ಒಡ್ಡಿನ ಲಾಭ, ಹೊಂಡದ ಲಾಭ ಎರಡನ್ನೂ ಕೂಡಿಸುವಾಗ ಎಚ್ಚರವಿರಲಿ. ನಾಲ್ಕು ಎಕರೆಯಿಂದ ಹರಿಯುವ 12 ಲಕ್ಷ ಲೀಟರಿನಲ್ಲಿ ಅರ್ಧವನ್ನು ಒಡ್ಡುಗಳೇ ಹೊಲದಲ್ಲಿ ಉಳಿಸಿಕೊಂಡರೆ ಹೊಂಡಕ್ಕೆ ಉಳಿಯುವುದು ಆರು ಲಕ್ಷ, 9.8 ಲಕ್ಷದ ಹೊಂಡ ತುಂಬುವುದಿಲ್ಲ. ಅಂಥ ಹೊಲಕ್ಕೆ ಚಿಕ್ಕ ಹೊಂಡವೇ ಸಾಕು.

ಸರಕಾರದ ಹಣ, ಲಾವಣಿಯ ಹೊಲ

ಸಹಾಯಧನವನ್ನು ದಾನವೆಂದು ಭಾವಿಸಬೇಕಾಗಿಲ್ಲ. ನಿಮ್ಮ ಹೊಲದ ಮಣ್ಣು ಹಳ್ಳದ ಮೂಲಕ ಕೆರೆ, ಜಲಾಶಯ ಸೇರಿದರೆ ಅದರ ನಷ್ಟ ಬೇರೆಯವರದು. ತುಂಗಭದ್ರಾ ಜಲಾಶಯದ ಸಾಮರ್ಥ್ಯ ಮೂಲದ ಸುಮಾರು 133 ಟಿಎಂಸಿಯಿಂದ ಹೂಳಿನ ಕಾರಣ ಸುಮಾರು 105 ಟಿಎಂಸಿಗೆ ಇಳಿದಿದೆ. ಆ ನಷ್ಟವನ್ನು ತಡೆಯುವ ಕೆಲಸದ ಖರ್ಚನ್ನು ಒಬ್ಬ ಒಣ ಬೇಸಾಯದ ರೈತ ಪೂರ್ತಿ ಹೊರುವುದು ನ್ಯಾಯವಲ್ಲ. ನಿಮ್ಮ ಲೆಕ್ಕದಲ್ಲಿ ಸಹಾಯಧನವನ್ನು ಖರ್ಚಿನಿಂದ ಕಳೆಯಿರಿ. ಆದರೆ ಹಣ ಕೈಸೇರುವ ತನಕದ ಬಡ್ಡಿಯನ್ನು ಕೂಡಿಸಿ. ಉದ್ಯೋಗ ಖಾತ್ರಿಯ ಕೂಲಿಯಲ್ಲಿ ಒಡ್ಡು ಹಾಕಿಸಿಕೊಂಡರೆ ಕೋಡಿಯ ಕಲ್ಲಿನ ಕೆಲಸವೂ ಅಂದಾಜುಪಟ್ಟಿಯಲ್ಲಿದೆಯೇ ಎಂದು ಸಹಿ ಹಾಕುವ ಮುಂಚೆ ನೋಡಿಕೊಳ್ಳಿ.

ಲಾವಣಿಗೆ (ಗುತ್ತಿಗೆಗೆ) ಮಾಡಿದ ಹೊಲದಲ್ಲಿ ತೊಡಕು ಬೇರೆ. ವರ್ಷದಿಂದ ವರ್ಷಕ್ಕೆ ಮಾತಾಗುವ ಲಾವಣಿಯಲ್ಲಿ ಒಡ್ಡು ಹಾಕಿಸಿದವನು ಮುಂದಿನ ಯುಗಾದಿಗೆ ಹೊಲ ಬಿಡಬೇಕಾಗಬಹುದು. ಮೇಲಿನ ಉದಾಹರಣೆಯಲ್ಲಿ ಪೂರ್ತಿ 27,000ವನ್ನು ಲಾವಣಿದಾರನೇ ಹಾಕಿದರೆ ಶೇ 10ರ ಬಡ್ಡಿಯಲ್ಲಿ ಅದು ತಿರುಗಿ ಬರಲು ಆರು ವರ್ಷಕ್ಕೂ ಸ್ವಲ್ಪ ಹೆಚ್ಚು ಬೇಕು. ಅಷ್ಟು ದೀರ್ಘ ಮಾತಿಗೆ ಮಾಲೀಕರು ಒಪ್ಪುವುದು ಅಪರೂಪ. ಶಾಶ್ವತವಾಗಿ ಉಳಿಯುವ ಕೋಡಿಯ 12,000ವನ್ನು ಮಾಲೀಕರು ಹಾಕಿ, ಮಣ್ಣಿನ ಕೆಲಸದ 15,000ವನ್ನು ಲಾವಣಿದಾರ ಹಾಕಿದರೆ, ಲಾವಣಿದಾರನ ಹಣ ಮೂರು ವರ್ಷದಲ್ಲಿ ಬರುತ್ತದೆ. ಹಾಗಾಗಿ ಕರಾರನ್ನು ಮೂರು ವರ್ಷಕ್ಕೆ ಬರೆದು, ನಡುವೆ ಹೊಲ ಬಿಡಿಸಿದರೆ ಉಳಿದ ಪ್ರತಿ ವರ್ಷಕ್ಕೆ 5,000 ರೂಪಾಯಿ ಮಾಲೀಕರು ಕೊಡತಕ್ಕದ್ದೆಂದು, ವರ್ಷದ ದುರಸ್ತಿ ಲಾವಣಿದಾರನದೆಂದು ಇಬ್ಬರು ಸಾಕ್ಷಿಗಳ ಮುಂದೆ ನಮೂದಿಸಿಕೊಳ್ಳಿ. ಈ ಮಾತು ಬೇಸಿಗೆಯಲ್ಲೇ, ಹೊಲ ಖಾಲಿ ಇರುವಾಗಲೇ ಮುಗಿದರೆ ರೋಹಿಣಿ ಮಳೆಗೆ ಮುಂಚೆ ಒಡ್ಡಿನ ಮಣ್ಣು ಕುಳಿತು ಗಟ್ಟಿಯಾಗಲು ಸಮಯ ಸಿಗುತ್ತದೆ.